ಹತ್ತನೇ ಕಂತಿನ ತನಕ ಚೆಂದ, ಆಮೇಲೆ ಎಳೆದಾಟ: ಕೆ-ಡ್ರಾಮಾ, ಸಿ-ಡ್ರಾಮಾ ಪ್ರೇಮಕಥೆಗಳ ಕೊನೆ ಯಾಕೆ ಕೆಡುತ್ತೆ?

ನೀಲಿಕೊಡೆ (ಪ್ರಶ್ನೆ)

ಕೊರಿಯನ್ ಪ್ರೇಮಕಥೆಗಳಲ್ಲಿ ಒಂದೇ ರೋಗ ಮತ್ತೆ ಮತ್ತೆ ಕಾಣುತ್ತೆ. ಎಂಟನೇ ಕಂತಿನ ತನಕ ಒಂದೊಂದು ನೋಟವನ್ನೂ ತೂಗಿ ಇಟ್ಟಿರ್ತಾರೆ. ಒಂಬತ್ತು-ಹತ್ತರಲ್ಲಿ ಇಬ್ಬರೂ ಮನಸ್ಸು ಬಿಚ್ಚಿ ಹೇಳ್ಕೋತಾರೆ. ಹದಿಮೂರಕ್ಕೆ ಬಂದರೆ ಒಬ್ಬರು ‘ನಿನ್ನ ಒಳ್ಳೇದಕ್ಕೇ’ ಅಂತ ಕಾರಣ ಹೇಳದೆ ಬಿಟ್ಟು ಹೋಗ್ತಾರೆ. ಹದಿನೈದರ ಕೊನೆಗೋ ಹದಿನಾರರ ನಡುವೆಯೋ ‘ಎರಡು ವರ್ಷಗಳ ನಂತರ’ ಅಂತ ಬರುತ್ತೆ. ಕೊನೇ ಹತ್ತು ನಿಮಿಷದಲ್ಲಿ ಮತ್ತೆ ಸೇರ್ತಾರೆ. ಚೀನೀ ಡ್ರಾಮಾಗಳಲ್ಲಿ ಇಪ್ಪತ್ತನೇ ಕಂತು ದಾಟಿದರೂ ಕೈ ಹಿಡಿಯೋದೇ ದೊಡ್ಡ ಘಟನೆ. ಜಪಾನಿನವು ಇನ್ನೇನು ಶುರುವಾಯ್ತು ಅನ್ನುವಾಗ ಮುಗಿದಿರುತ್ತವೆ.

ಕೇಳಬೇಕಿರೋದು ಎರಡು. ಇದು ಹೀಗಾಗೋಕೆ ಏನು ಕಾರಣ? ಮೂವತ್ತು ಗಂಟೆ ಕೊಡೋ ಮೊದಲು, ಕಥೆ ಬಯಲಾಗದ ಹಾಗೆ, ವೇಗ ಮತ್ತು ಅಂತ್ಯ ಹೇಗಿರುತ್ತೆ ಅಂತ ಅಂದಾಜು ಮಾಡೋಕೆ ದಾರಿ ಇದೆಯಾ? ಉತ್ತರಗಳಲ್ಲಿ ಸ್ಪಾಯ್ಲರ್ ಇದ್ದರೆ ಡ್ರಾಮಾದ ಹೆಸರು ಮೊದಲೇ ಹೇಳಿ.

ಕಂತುಲೆಕ್ಕ

ಬರೆಯೋರ ಸೋಮಾರಿತನ ಅಂತ ಎಲ್ಲರೂ ಬಯ್ಯೋದುಂಟು. ನನ್ನ ಪ್ರಕಾರ ಇದು ಮೊದಲು ಗಂಟೆಗಳ ಲೆಕ್ಕ. ಕೊರಿಯಾದ ಮಿನಿಸೀರೀಸ್‌ಗೆ ಬಹುಕಾಲದಿಂದ 16 ಕಂತಿನ ಅಳತೆ. ಸೋಮ-ಮಂಗಳ, ಬುಧ-ಗುರು ಅಥವಾ ಶನಿ-ಭಾನು ಹೀಗೆ ವಾರಕ್ಕೆ ಎರಡರಂತೆ ಎಂಟು ವಾರ. ಕಂತಿಗೆ 65-70 ನಿಮಿಷ ಹಿಡಿದರೆ ಹದಿನೆಂಟು ಗಂಟೆ ಆಗುತ್ತೆ. ಎಂಟನೇ ಕಂತು ಅಂದರೆ ನಾಲ್ಕನೇ ವಾರದ ಕೊನೆ, ಸರಿಯಾಗಿ ಅರ್ಧದಾರಿ. ಅಲ್ಲಿಗೆ ಏನೂ ಕೊಡದಿದ್ದರೆ ನೋಡೋರು ಕೈಬಿಡ್ತಾರೆ, ಹಾಗಾಗಿ ಮೊದಲ ಮುತ್ತು, ಒಪ್ಪಿಗೆ ಎಲ್ಲ ಏಳರಿಂದ ಹತ್ತರೊಳಗೆ ಬಂದುಬಿಡುತ್ತೆ. ತೊಡಕು ಅಲ್ಲೇ ಹುಟ್ಟೋದು. ಒಪ್ಪಂದದ ಮದುವೆ, ಮುಚ್ಚಿಟ್ಟ ಗುರುತು, ಬಾಸ್ ಮತ್ತು ಸೆಕ್ರೆಟರಿಯ ಅಂತರ, ಇಂಥ ಅಡ್ಡಿಗಳು ಒಪ್ಪಿಗೆಯ ಜೊತೆಗೇ ಕರಗಿ ಹೋಗುತ್ತವೆ. ಇನ್ನೂ ಏಳು ಗಂಟೆ ಬಾಕಿ ಇರುತ್ತೆ. ಒಳಗಿನ ಅಡ್ಡಿ ಖರ್ಚಾದ ಮೇಲೆ ಹೊರಗಿನಿಂದ ತರಬೇಕು: ಅಪ್ಪನ ಹಳೇ ಅಪರಾಧ, ನೆನಪು ಹೋಗೋದು, ವಿದೇಶದ ಕೆಲಸ, ‘ನನ್ನ ಮಗನನ್ನು ಬಿಟ್ಟುಬಿಡು’ ಅಂತ ದುಡ್ಡಿನ ಲಕೋಟೆ ಹಿಡಿದು ಬರೋ ತಾಯಿ. ಹದಿಮೂರನೇ ಕಂತಿನ ‘ತ್ಯಾಗ’ ಈ ಖಾಲಿ ತುಂಬೋಕೆ ಬಂದದ್ದು.

ಇದಕ್ಕೆ ಚಿತ್ರೀಕರಣದ ಪದ್ಧತಿಯೂ ಸೇರಿಕೊಂಡಿತ್ತು. ನಾಲ್ಕಾರು ಕಂತು ಮುಗಿಸಿ ಪ್ರಸಾರ ಶುರು ಮಾಡಿ, ಉಳಿದದ್ದನ್ನು ಓಡ್ತಾ ಓಡ್ತಾ ಬರೆದು ತೆಗೆಯೋರು. ಆ ದಿನದ ದೃಶ್ಯ ಆ ದಿನವೇ ಕೈಗೆ ಬರೋ ತುಂಡು ಸ್ಕ್ರಿಪ್ಟ್‌ಗೆ ಕೊರಿಯನ್ನರಲ್ಲಿ ಬೇರೆ ಹೆಸರೇ ಇದೆ, ಚೊಕ್‌ದೇಬೋನ್. ರೇಟಿಂಗ್ ಚೆನ್ನಾಗಿದ್ದರೆ ಒಂದೆರಡು ಕಂತು ಹೆಚ್ಚಿಸೋರು. ಹಾಗಾಗಿ ಮೊದಲರ್ಧ ತಿದ್ದಿ ತೀಡಿದ ಹಾಗೆ, ಕೊನೆಯ ಭಾಗ ನಿದ್ದೆಗೆಟ್ಟವರು ಮಾಡಿದ ಹಾಗೆ ಕಾಣೋದು. ವಾರಕ್ಕೆ 52 ಗಂಟೆಗಿಂತ ಹೆಚ್ಚು ದುಡಿಸಬಾರದು ಅನ್ನೋ ಕಾನೂನು 2018ರ ಜುಲೈಯಿಂದ ಹಂತಹಂತವಾಗಿ ಬಂತು, ಪ್ರಸಾರ ಸಂಸ್ಥೆಗಳಿಗೆ 2019ರಲ್ಲಿ. ಆಮೇಲೆ ಮುಂಚಿತವಾಗಿ ಚಿತ್ರೀಕರಿಸೋದು ಹೆಚ್ಚಾಯ್ತು, 12 ಕಂತಿನವೂ ಹೆಚ್ಚಾದವು. 2022ರ ‘ಬಿಸಿನೆಸ್ ಪ್ರಪೋಸಲ್’ 12 ಕಂತಿಗೆ ಮುಗಿಯುತ್ತೆ, ಸುಳ್ಳು ಗುರುತಿನ ಆಟವನ್ನು ಎಳೆಯಲ್ಲ. ಎಳೆತ ಬೇಡ ಅನ್ನೋರು ಮೊದಲು 12ರವನ್ನು ಹುಡುಕಿ.

ಪಟ್ಟಿಯಲ್ಲಿ 32 ಕಂತು ಅಂತ ಕಂಡರೆ ಗಾಬರಿ ಬೇಡ. 2021ರ ಜುಲೈ ತನಕ ಅಲ್ಲಿ ಆಂಟೆನಾದಲ್ಲೇ ಸಿಗೋ ಚಾನೆಲ್‌ಗಳು (ಕೇಬಲ್‌ನವಲ್ಲ) ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಅದಕ್ಕೆ ಒಂದು ಕಂತನ್ನು 35 ನಿಮಿಷದ ಎರಡು ಭಾಗ ಮಾಡಿ ಮಧ್ಯೆ ಜಾಹೀರಾತು ಹಾಕೋರು. ಅದು 16ರದ್ದೇ ಡ್ರಾಮಾ.

ಅಂದಾಜು ಮಾಡೋ ದಾರಿ ಹೇಳ್ತೀನಿ. ನಾಲ್ಕನೇ ಕಂತು ಮುಗಿದ ಮೇಲೆ, ಇಬ್ಬರ ನಡುವೆ ನಿಂತಿರೋ ಅಡ್ಡಿ ಏನು ಅಂತ ಒಂದು ವಾಕ್ಯದಲ್ಲಿ ಹೇಳಿ ನೋಡಿ. ಎದುರುಬದುರು ಕೂತು ಐದು ನಿಮಿಷ ನಿಜ ಮಾತಾಡಿದರೆ ಅದು ತೀರುತ್ತೆ ಅನ್ನೋದಾದರೆ, ಹತ್ತರ ನಂತರ ಸರಕಿಲ್ಲ, ಎಳೀತಾರೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ (ಮುಂದಿನ ಎರಡು ವಾಕ್ಯ ಸ್ಪಾಯ್ಲರ್) ಹದಿನಾರು ಕಂತು ತೂಗಿದ್ದು, ಉತ್ತರ-ದಕ್ಷಿಣ ಕೊರಿಯಾಗಳ ಗಡಿ ಯಾವ ಮಾತುಕತೆಗೂ ಬಗ್ಗದ ಕಾರಣ. ವರ್ಷಕ್ಕೆ ಎರಡು ವಾರ ಸ್ವಿಟ್ಜರ್ಲೆಂಡ್‌ನಲ್ಲಿ ಭೇಟಿ ಅನ್ನೋ ಅಂತ್ಯವೂ ಆ ಅಡ್ಡಿಯನ್ನು ಮಾಯ ಮಾಡದೆ ಅದರೊಳಗೇ ದಾರಿ ಹುಡುಕಿದ್ದು.

ಹಾಲುನೀರು

ಚೀನೀ ಕಡೆಯದು ನಾನು ಹೇಳ್ತೀನಿ. ಅಲ್ಲಿನ ಪ್ರೇಕ್ಷಕರೇ ಇದನ್ನು ‘ಜೂಶ್ವೇ’ ಅಂತಾರೆ, ನೀರು ಬೆರೆಸೋದು. ಡ್ರಾಮಾ ಮಾರಾಟ ಆಗೋದು ಕಂತಿನ ಲೆಕ್ಕದಲ್ಲಿ. ಐವತ್ತಾದರೆ ಮೂವತ್ತಕ್ಕಿಂತ ದುಡ್ಡು ಹೆಚ್ಚು. ಆ ಆಸೆಗೆ ತಡೆ ಹಾಕೋಕೆ 2020ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಸಾರ ಆಡಳಿತ, ಡ್ರಾಮಾ 40 ಕಂತು ಮೀರಬಾರದು, 30ರೊಳಗಿದ್ದರೆ ಒಳ್ಳೇದು ಅಂತ ಸೂಚನೆ ಹೊರಡಿಸಿತು. 2017ರ ‘ಎಟರ್ನಲ್ ಲವ್’ 58 ಕಂತು, 2023ರ ‘ಹಿಡನ್ ಲವ್’ 25. ಆದರೆ 40 ಅನ್ನೋ ಮಿತಿಯೇ ಎಷ್ಟೋ ಕಡೆ ಗುರಿಯಾಗಿಬಿಡ್ತು. ಕೆಲವು ಕಥೆ ಎರಡು ಹೋಳಾದವು: ‘ಲಾಸ್ಟ್ ಯು ಫಾರೆವರ್’ 2023ರಲ್ಲಿ 39, 2024ರಲ್ಲಿ 23. ಇಂಥದ್ದು ಹಿಡಿದರೆ ಮೊದಲ ಭಾಗದ ಕೊನೆಯಲ್ಲಿ ಏನೂ ಇತ್ಯರ್ಥ ಆಗಲ್ಲ ಅಂತ ಮೊದಲೇ ಗೊತ್ತಿರಲಿ.

ನೀರು ಎಲ್ಲೆಲ್ಲಿ ಸೇರಿರುತ್ತೆ ಗೊತ್ತಾದರೆ ಬಸಿಯೋದು ಸುಲಭ. ಕಂತು 45 ನಿಮಿಷ ಅಂದರೂ ಟೈಟಲ್ ಹಾಡು, ಕೊನೆಯ ಹಾಡು, ಮರುನೋಟ, ಮುನ್ನೋಟ ತೆಗೆದರೆ ನಲವತ್ತರ ಒಳಗೇ ಉಳಿಯುತ್ತೆ. ಅದರೊಳಗೆ ಹಾಡು ಹಾಕಿ ತೋರಿಸೋ ಹಳೇ ದೃಶ್ಯಗಳು, ಮೂರು ಪಾತ್ರದ ಮುಖ ಸುತ್ತಿ ಬರೋ ಕ್ಯಾಮೆರಾ, ಹದಿನೈದನೇ ಕಂತಿನ ಸುಮಾರಿಗೆ ದಿಢೀರ್ ಜಾಗ ಕೇಳೋ ಎರಡನೇ ಮತ್ತು ಮೂರನೇ ಜೋಡಿ. ಇಂದಿನ ಕಾಲದ ಕಥೆಯಾದರೆ ಎರಡನೇ ಜೋಡಿಯ ದೃಶ್ಯ ಹಾರಿಸಿದರೂ ನಷ್ಟ ಇಲ್ಲ. ಅರಮನೆ ಕಥೆಯಲ್ಲಿ ಮಾತ್ರ ಹಾಗೆ ಮಾಡಬೇಡಿ. ಅಲ್ಲಿ ದಾಸಿಯೊಬ್ಬಳ ಮದುವೆ ಮೂವತ್ತನೇ ಕಂತಿನ ವಿಷಪ್ರಾಶನಕ್ಕೆ ಕೊಂಡಿ ಆಗಿರಬಹುದು.

ಪ್ರೇಮ ತಡವಾಗೋಕೆ ಇನ್ನೊಂದು ಕಾರಣ ನಿಯಮಗಳು. ಅಪ್ರಾಪ್ತರ ಪ್ರೇಮ ತೋರಿಸೋದಕ್ಕೆ ಅಲ್ಲಿ ತಡೆ ಇದೆ. ಶಾಲೆಯಿಂದ ಶುರುವಾಗೋ ಕಥೆಯಲ್ಲಿ ಕಾಲೇಜು ಪ್ರವೇಶ ಪರೀಕ್ಷೆ, ಅಂದರೆ ಗಾವ್‌ಕಾವ್ ಮುಗಿಯೋ ತನಕ ಯಾರೂ ಬಾಯಿ ಬಿಡಲ್ಲ. ಪರೀಕ್ಷೆ ಯಾವ ಕಂತಿನಲ್ಲಿ ಅಂತ ಕಂತುಗಳ ಸಾರಾಂಶದಲ್ಲಿ ನೋಡಿದರೆ ಪ್ರೇಮ ಯಾವಾಗ ಶುರು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ.

ಅಂತ್ಯ ತಿಳಿಯೋಕೆ ಚೀನೀ ಅಭಿಮಾನಿಗಳ ಸಂಕೇತಾಕ್ಷರಗಳೇ ಸಾಕು. ಎಚ್‌ಇ ಅಂದರೆ ಸುಖಾಂತ, ಬಿಇ ದುಃಖಾಂತ, ಒಇ ತೆರೆದ ಅಂತ್ಯ. ಡ್ರಾಮಾ ಹೆಸರಿನ ಜೊತೆ ಇದನ್ನು ಹುಡುಕಿದರೆ ಕಥೆ ತಿಳಿಯದೆ ಅಂತ್ಯದ ಬಗೆ ಮಾತ್ರ ತಿಳಿಯುತ್ತೆ. 2019ರ ‘ಗುಡ್‌ಬೈ ಮೈ ಪ್ರಿನ್ಸೆಸ್’ ಬಿಇಗೆ ಹೆಸರಾದದ್ದು. ಮೊದಲೇ ಗೊತ್ತಿದ್ದು ನೋಡಿದರೆ ಅದು ಮೋಸ ಅನ್ನಿಸಲ್ಲ, ಮೊದಲ ದೃಶ್ಯಗಳಿಗೂ ಬೇರೆ ಭಾರ ಬರುತ್ತೆ. ಇನ್ನೊಂದು, ಕೊನೇ ಕಂತಿನ ಹೆಸರುಗಳು ಓಡೋಕೆ ಶುರುವಾದ ಕೂಡಲೇ ನಿಲ್ಲಿಸಬೇಡಿ. ಮದುವೆ, ಮಗು ಎಲ್ಲ ಆಮೇಲಿನ ತುಣುಕಿನಲ್ಲೋ ಬೇರೆಯೇ ಹೆಚ್ಚುವರಿ ಕಂತಿನಲ್ಲೋ ಇಟ್ಟಿರೋದುಂಟು.

ಹೊಂಗೆನೆರಳು

ಇಬ್ಬರೂ ನಿಧಾನವನ್ನು ದೋಷ ಅಂತಲೇ ಹಿಡಿದುಬಿಟ್ರಿ. ಅಲ್ಲಿ ನನ್ನ ತಕರಾರಿದೆ. ‘ಏನೂ ಆಗ್ತಿಲ್ಲ’ ಅನ್ನಿಸೋ ಎಷ್ಟೋ ಕಂತುಗಳಲ್ಲಿ ದೊಡ್ಡದೇ ಆಗಿರುತ್ತೆ, ಇಂಗ್ಲಿಷ್ ಸಬ್‌ಟೈಟಲ್ ಅದನ್ನು ನುಂಗಿರುತ್ತೆ.

ಕೊರಿಯನ್‌ನಲ್ಲಿ ಗೌರವದ ಮಾತು, ಸಲಿಗೆಯ ಮಾತು ಬೇರೆ ಬೇರೆ. ನಮ್ಮ ನೀವು-ನೀನು ಇದ್ದ ಹಾಗೆಯೇ, ಅದಕ್ಕಿಂತ ಬಿಗಿ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ‘ಯು’. ಕನ್ನಡದವರಿಗೆ ಈ ವ್ಯತ್ಯಾಸ ಕಿವಿಗೆ ಮೊದಲೇ ಪರಿಚಯ, ಎಲ್ಲಿ ಕೇಳಬೇಕು ಅಂತ ಗೊತ್ತಾದರೆ ಸಾಕು. ವಾಕ್ಯದ ಕೊನೆಗೆ ‘ಯೊ’ ಕೇಳಿಸ್ತಿದ್ದರೆ ನೀವು. ಅದು ಬಿದ್ದುಹೋದ ಕ್ಷಣ ನೀನು. ಆರನೇ ಕಂತಿನಲ್ಲಿ ‘ಯೊ’ ಬಿಟ್ಟವಳು ಏಳರಲ್ಲಿ ಸಿಟ್ಟಿನಿಂದ ಮತ್ತೆ ‘ಯೊ’ ಹಚ್ಚಿದರೆ, ಅದು ಬಾಗಿಲು ಮುಚ್ಚಿದ ಹಾಗೆ. ಜೊತೆಗೆ ‘ಚೊವಾಹೆ’ ಮತ್ತು ‘ಸರಾಂಗ್‌ಹೆ’ ಒಂದೇ ಅಲ್ಲ. ಮೊದಲನೆಯದು ‘ಇಷ್ಟ’, ಎರಡನೆಯದು ‘ಪ್ರೀತಿ’. ಎರಡನ್ನೂ ‘ಲವ್’ ಅಂತ ಬರೆದ ಸಬ್‌ಟೈಟಲ್‌ನಲ್ಲಿ, ಐದನೇ ಕಂತಿಗೇ ಹೇಳಿದ್ದನ್ನು ಹತ್ತನೇ ಕಂತಿನಲ್ಲಿ ಮತ್ತೆ ಯಾಕೆ ಹೇಳ್ತಿದ್ದಾರೆ ಅನ್ನಿಸೋದು ಸಹಜ. ವಿಕಿ (Viki) ಅನ್ನೋ ಡ್ರಾಮಾ ತಾಣದಲ್ಲಿ ಸ್ವಯಂಸೇವಕರು ಮಾಡೋ ಸಬ್‌ಟೈಟಲ್‌ಗಳಲ್ಲಿ ನೂನಾ (ಹುಡುಗ ಅಕ್ಕನಿಗೆ ಅನ್ನೋದು), ಒಪ್ಪಾ (ಹುಡುಗಿ ಅಣ್ಣನಿಗೆ ಅನ್ನೋದು) ಮುಂತಾದ ಕರೆಯೋ ಪದಗಳನ್ನು ಹಾಗೇ ಉಳಿಸೋದು ಹೆಚ್ಚು. ಒಂದೇ ಡ್ರಾಮಾ ಎರಡು ಕಡೆ ಸಿಕ್ಕರೆ ಅದನ್ನೇ ಆರಿಸಿ.

ಜಪಾನಿನದೂ ಹೀಗೆಯೇ. ಮನೆತನದ ಹೆಸರಿಗೆ ಗೌರವದ ‘ಸಾನ್’ ಹಚ್ಚಿ ಕರೀತಿದ್ದವನು ಬರೀ ಹೆಸರು ಹಿಡಿದು ಕರೆದರೆ ಅದೇ ಆ ಕಂತಿನ ಘಟನೆ. ಅಲ್ಲಿ ಋತುವಿಗೊಂದು ಡ್ರಾಮಾ, ವಾರಕ್ಕೊಂದರಂತೆ 10-11 ಕಂತು, ಒಟ್ಟು ಎಂಟು-ಒಂಬತ್ತು ಗಂಟೆ. ಒಪ್ಪಿಗೆಯೇ ಕಥೆಯ ಗುರಿ ಆಗಿರೋದ್ರಿಂದ ಆಮೇಲಿನ ಬದುಕಿಗೆ ಜಾಗ ಇರಲ್ಲ. ಬೇಕಿದ್ದರೆ ವಿಶೇಷ ಕಂತು ಅಥವಾ ಸಿನಿಮಾ ಇದೆಯಾ ನೋಡಿ. ‘ಹಾನಾ ಯೋರಿ ದಾಂಗೊ’ ಮಾಂಗಾ (ಜಪಾನೀ ಚಿತ್ರಕಥೆ ಪುಸ್ತಕ) ಡ್ರಾಮಾ ಆದಾಗ ಜಪಾನಿನಲ್ಲಿ 2005ರಲ್ಲಿ 9 ಕಂತು, 2007ರಲ್ಲಿ 11, ಮದುವೆಯ ಕಥೆಗೆ 2008ರ ಸಿನಿಮಾ. ಅದೇ ಮಾಂಗಾ ಕೊರಿಯಾದಲ್ಲಿ 2009ರಲ್ಲಿ 25 ಕಂತು, ಥಾಯ್ಲೆಂಡ್‌ನಲ್ಲಿ 2021-22ರಲ್ಲಿ 16. ವೇಗದ ಪಾಠ ಬೇಕಾದವರು ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ನಿಧಾನವೂ ತೃಪ್ತಿ ಕೊಡುತ್ತೆ ಅನ್ನೋಕೆ ‘ಹಾಸ್ಪಿಟಲ್ ಪ್ಲೇಲಿಸ್ಟ್’ ಇದೆ. ವಾರಕ್ಕೆ ಒಂದೇ ಕಂತು, ಎರಡು ಸೀಸನ್ ಸೇರಿ 24. ಮುಖ್ಯ ಜೋಡಿ ಒಂದಾಗೋದು ಎರಡನೇ ಸೀಸನ್‌ನ ಕೊನೆಯ ಭಾಗದಲ್ಲಿ. ಅಲ್ಲಿಯ ತನಕ ಊಟ, ಕಾಫಿ, ಬ್ಯಾಂಡ್ ಅಭ್ಯಾಸ. ಆದರೂ ಒಂದು ದೃಶ್ಯವೂ ಭರ್ತಿಗೆ ಬಂದದ್ದು ಅನ್ನಿಸಲ್ಲ, ಪ್ರತಿ ಸಲ ಅವರ ಬಗ್ಗೆ ಒಂದು ಹೊಸ ಸಂಗತಿ ಗೊತ್ತಾಗುತ್ತೆ.

ಕೊನೆಪುಟ

ಅಂತ್ಯಗಳ ಬಗ್ಗೆ. ‘ಲವರ್ಸ್ ಇನ್ ಪ್ಯಾರಿಸ್’ ಮತ್ತು ‘ಟ್ವೆಂಟಿ ಫೈವ್ ಟ್ವೆಂಟಿ ಒನ್’ ನೋಡದವರು ಮುಂದಿನ ಎರಡು ಪ್ಯಾರಾ ಬಿಡಿ.

2004ರ ‘ಲವರ್ಸ್ ಇನ್ ಪ್ಯಾರಿಸ್’ 20 ಕಂತು ಓಡಿ, ಕೊನೆಗೆ ನೋಡಿದ್ದೆಲ್ಲ ನಾಯಕಿ ಬರೆದ ಕಥೆ ಅಂದಿತು. ಕೊರಿಯಾದಲ್ಲಿ ಕೆಟ್ಟ ಅಂತ್ಯದ ಮಾತು ಬಂದಾಗಲೆಲ್ಲ ಇದು ಇವತ್ತಿಗೂ ನೆನಪಾಗುತ್ತೆ. ತಪ್ಪು ಏನು ಅಂದರೆ, ಹತ್ತೊಂಬತ್ತು ಕಂತಿನ ಯಾವ ಪ್ರಶ್ನೆಗೂ ಅದು ಉತ್ತರ ಆಗಿರಲಿಲ್ಲ.

2022ರ ‘ಟ್ವೆಂಟಿ ಫೈವ್ ಟ್ವೆಂಟಿ ಒನ್’ ಬೇರೆ ಜಾತಿ. ನಾಯಕಿಯ ಮಗಳು ಅಮ್ಮನ ಡೈರಿ ಓದೋದ್ರಿಂದ ಕಥೆ ತೆರೆದುಕೊಳ್ಳುತ್ತೆ. ಮಗಳ ಮನೆತನದ ಹೆಸರು ಕಿಮ್, ನಾಯಕನದು ಬೇಕ್. ಸುಳಿವು ಅಲ್ಲೇ ಇತ್ತು. ಅಗಲಿಕೆಯ ಕಾರಣವೂ ನಂಬೋ ಹಾಗಿದೆ: ಅವನು ವರದಿಗಾರ, 2001ರ ಸೆಪ್ಟೆಂಬರ್ ದಾಳಿಯ ವರದಿಗೆ ನ್ಯೂಯಾರ್ಕ್ ಸೇರಿ ಅಲ್ಲಿಂದ ವಾಪಸ್ ಬರೋ ಮನಸ್ಸೇ ಕಳೆದುಕೊಳ್ಳುತ್ತಾನೆ. ಆದರೂ ಪ್ರೇಕ್ಷಕರು ನೊಂದರು. ಹದಿನಾಲ್ಕು ಕಂತು ಪ್ರೀತಿ ಕಟ್ಟಿ, ಅದು ಸವೆಯೋದನ್ನು ಎರಡೇ ಕಂತಿಗೆ ತುರುಕಿದ್ದರು. ಇನ್ನೆರಡು ಕಂತು ಸವೆತಕ್ಕೆ ಕೊಟ್ಟಿದ್ದರೆ ಅಂತ್ಯ ಅದೇ ಇದ್ದರೂ ಜಗಳ ಇಷ್ಟಾಗ್ತಿರಲಿಲ್ಲ ಅಂತ ನನ್ನ ಗಟ್ಟಿ ನಂಬಿಕೆ.

‘ಎರಡು ವರ್ಷಗಳ ನಂತರ’ ಬಂದಾಗಲೂ ಒಂದೇ ಕೇಳಿಕೊಳ್ಳಿ: ಬೇರೆಯಾದ ಕಾರಣವನ್ನು ಪಾತ್ರಗಳು ಏನಾದರೂ ಮಾಡಿ ಬಗೆಹರಿಸಿದವಾ, ಇಲ್ಲ ಕ್ಯಾಲೆಂಡರ್ ಬಗೆಹರಿಸಿತಾ? ಕ್ಯಾಲೆಂಡರ್ ಆದರೆ ಆ ಪುನರ್ಮಿಲನ ನಿಲ್ಲಲ್ಲ, ಎಷ್ಟು ಹಿಮ ಬೀಳಿಸಿದರೂ.

ವೆಬ್‌ಟೂನ್ (ಆನ್‌ಲೈನ್‌ನಲ್ಲಿ ಕಂತುಕಂತಾಗಿ ಬರೋ ಚಿತ್ರಕಥೆ) ಆಧಾರಿತ ಅಂದರೆ ಮೂಲ ಮುಗಿದಿತ್ತಾ ಅಂತ ನೋಡೋದು ಬಲು ಮುಖ್ಯ. 2016ರ ‘ಚೀಸ್ ಇನ್ ದ ಟ್ರ್ಯಾಪ್’ ಪ್ರಸಾರವಾದಾಗ ಮೂಲ ಕಥೆ ಇನ್ನೂ ನಡೀತಿತ್ತು. ಅಂತ್ಯದ ಬಗ್ಗೆ ಮೂಲ ಲೇಖಕಿಯೇ ಬಹಿರಂಗವಾಗಿ ಬೇಸರ ಹೇಳಿಕೊಂಡರು.

ನೀಲಿಕೊಡೆ

ನಾಲ್ಕನೇ ಕಂತಿನ ಪರೀಕ್ಷೆ, ‘ಯೊ’ ಕೇಳೋದು, ಎರಡೂ ತಕ್ಷಣ ಉಪಯೋಗಕ್ಕೆ ಬರುವಂಥವು. ಎಲ್ಲರಿಗೂ ಧನ್ಯವಾದ. ಒಂದು ಉಳೀತು. ಸೆಕೆಂಡ್ ಲೀಡ್, ಅಂದರೆ ನಾಯಕಿಯನ್ನು ಪ್ರೀತಿಸೋ ಎರಡನೇ ನಾಯಕ, ಅಷ್ಟು ಒಳ್ಳೆಯವನಾಗಿದ್ದೂ ಯಾಕೆ ಸೋಲ್ತಾನೆ? ಮೊದಲೇ ಗುರುತಿಸೋಕಾಗುತ್ತಾ?

ಕಂತುಲೆಕ್ಕ

ಒಳ್ಳೆಯವನಾಗಿರೋದಕ್ಕೇ ಸೋಲ್ತಾನೆ. ಬಂದಾಗಲೇ ಪೂರ್ತಿ ಬೆಳೆದವನು, ಬದಲಾಗೋಕೆ ಅವನಲ್ಲಿ ಏನೂ ಇರಲ್ಲ. ಹದಿನೆಂಟು ಗಂಟೆ ಸಾಗಬೇಕಾದರೆ ತಪ್ಪು ತಿದ್ದಿಕೊಳ್ಳಬೇಕಾದವನು ಬೇಕು. ನಾಲ್ಕನೇ ಕಂತಿನೊಳಗೆ ಯಾರು ಏನನ್ನಾದರೂ ಕೆಡಿಸಿ, ಅದನ್ನು ಸರಿಮಾಡೋ ಹೊಣೆ ಹೊತ್ತಿದ್ದಾನೋ ಅವನ ಮೇಲೆ ಕಣ್ಣಿಡಿ. 2020ರ ‘ಸ್ಟಾರ್ಟ್-ಅಪ್’ನಲ್ಲಿ ನಾಯಕಿಗೆ ಕಾಗದ ಬರೆದವನೊಬ್ಬ, ಬರೆದವನು ಅಂತ ಅದರಲ್ಲಿ ಹೆಸರಿದ್ದವನು ಇನ್ನೊಬ್ಬ ಅಂತ ಹಂಚಿಟ್ಟು ಪ್ರೇಕ್ಷಕರು ಎರಡು ಪಾಳೆಯ ಆದರು. ಅಲ್ಲೂ ಆ ಹೆಸರಿಗೆ ತಕ್ಕವನಾಗೋಕೆ ಒದ್ದಾಡಿದವನೇ ಕೊನೆಗೆ ಉಳಿದದ್ದು.