ಅಪ್‌ಡೇಟ್: ಜ್ವಾಲೆ ಉದ್ದ ಬರ್ತಿದ್ದ ಕಾರಣ ಸಿಕ್ತು
ಹೋದ ವಾರ ಕೇಳಿದ್ದೆ, ಸ್ಯಾಂಡಿಯಾ ಫ್ಲೇಮ್ ಡಿ (ಸಿಮ್ಯುಲೇಶನ್ ಸರಿಯಿದೆಯಾ ಅಂತ ಹೋಲಿಸೋಕೆ ಲ್ಯಾಬ್‌ನಲ್ಲಿ ಅಳೆದಿಟ್ಟಿರೋ ಜ್ವಾಲೆ) ಸಿಮ್ಯುಲೇಶನ್‌ನಲ್ಲಿ ಜ್ವಾಲೆ ಅಳತೆಗಿಂತ ವಿಪರೀತ ಉದ್ದ ಬರ್ತಿದೆ, ಯಾಕೆ ಅಂತ. ತಪ್ಪು ನನ್ನದೇ. ಆ ಜ್ವಾಲೆಯ ಜೆಟ್‌ನಲ್ಲಿ, ಅಂದ್ರೆ ನಳಿಕೆಯಿಂದ ಚಿಮ್ಮೋ ಅನಿಲದಲ್ಲಿ, ಇರೋದು ಶೇ. 25 ಮೀಥೇನ್, ಶೇ. 75 ಗಾಳಿ. ಮನೆ ಗ್ಯಾಸ್ ಒಲೆಯೂ ಹೀಗೇ, ಒಂದಿಷ್ಟು ಗಾಳಿ ಮೊದಲೇ ಎಳ್ಕೊಂಡು ಮಿಕ್ಕಿದ್ದನ್ನ ಸುತ್ತಲಿಂದ ತಗೊಳ್ಳುತ್ತೆ. ಫ್ಲೇಮ್‌ಲೆಟ್ ಟೇಬಲ್‌ಗೆ (ಉರಿಯೋ ರಸಾಯನವನ್ನ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ) ನಾನು ಬರೀ ಮೀಥೇನ್ ಕೊಟ್ಟಿದ್ದೆ. ಇಂಧನ, ಗಾಳಿ ಸರಿಹೊಂದುವ ಮಿಕ್ಸ್ಚರ್ ಫ್ರ್ಯಾಕ್ಷನ್ (ಮಿಶ್ರಣದಲ್ಲಿ ಜೆಟ್‌ನಿಂದ ಬಂದ ಅನಿಲದ ತೂಕದ ಪಾಲು) 0.351 ಇರಬೇಕಾದ್ದು 0.055 ಆಗಿತ್ತು. ಜೆಟ್ ಅಷ್ಟು ತೆಳುವಾಗೋಕೆ ಬಹಳ ದೂರ ಹೋಗಬೇಕಲ್ಲ, ಜ್ವಾಲೆಯೂ ಅಲ್ಲೀವರೆಗೆ ಎಳೀತಿತ್ತು.

ಸರಿಮಾಡಿದರೆ ಈಗ ಗಿಡ್ಡ! ಹರಿವಿನ ಸುಳಿಗಳನ್ನ ಲೆಕ್ಕ ಹಾಕೋ ಕೆ-ಎಪ್ಸಿಲಾನ್ ಮಾಡೆಲ್ ದುಂಡು ಜೆಟ್ಟನ್ನ ಜಾಸ್ತಿ ಹರಡಿಸುತ್ತೆ, ಅದಕ್ಕೆ ಜೆಟ್ ಬೇಗ ತೆಳುವಾಗುತ್ತೆ. ಹರಡೋದು ತಗ್ಗಲಿ ಅಂತ, ನೀವು ಉತ್ತರದಲ್ಲಿ ಹೇಳಿದಂತೆ ಆ ಮಾಡೆಲ್‌ನ ಸಿ1 ಅನ್ನೋ ಸ್ಥಿರಾಂಕವನ್ನು 1.44ರಿಂದ 1.6ಕ್ಕೆ ಏರಿಸಿ ರಾತ್ರಿ ಓಡಿಸಿಟ್ಟೆ. ದಾವಣಗೆರೆಯಲ್ಲಿದ್ದೂ ಭಾನುವಾರದ ಬೆಣ್ಣೆ ದೋಸೆ ಬಿಟ್ಟು ಮೊದಲು ಗ್ರಾಫ್ ನೋಡಿದೆ: ನಡುಗೆರೆಯ ತಾಪಮಾನ ಅಳತೆಯ ಹತ್ತಿರ ಕೂತಿದೆ. ಕಾರ್ಬನ್ ಮಾನಾಕ್ಸೈಡ್ ಇನ್ನೂ ಜಾಸ್ತಿ ತೋರಿಸ್ತಿದೆ, ಅದರ ಹಿಂದೆ ಬಿದ್ದಿದ್ದೀನಿ.