ಬಿಲ್ಲೆ ಸರಿಸುವ ಚಿತ್ರದ ಒಗಟು: ‘ಬಿಡಿಸು’, ‘ಸರಿಸು’, ‘ಕಲಸು’ ಪದಗಳ ಬಳಕೆ

ಮಾನ್ಯರೆ,

ಪ್ರೌಢಶಾಲೆಯ ಮಕ್ಕಳ ಬಳಕೆಗೆಂದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಪರದೆಯ ಮೇಲೆ ಕಿಟಕಿ, ಗುಂಡಿಗಳನ್ನು ಮೂಡಿಸುವ ಅದರ ಟಿಕಿಂಟರ್ ಎಂಬ ಸಲಕರಣೆಯ ನೆರವಿನಿಂದ, ಒಂದು ಚಿತ್ರದ ಒಗಟನ್ನು ಸಿದ್ಧಪಡಿಸುತ್ತಿದ್ದೇನೆ. ಹಂಪಿಯ ಕಲ್ಲಿನ ರಥದ ಚಿತ್ರವನ್ನು ನಾಲ್ಕು ಸಾಲು, ನಾಲ್ಕು ಕಂಬಸಾಲುಗಳ ಹದಿನಾರು ಚೌಕಗಳಾಗಿ ಕತ್ತರಿಸಿ, ಕೆಳಗಿನ ಬಲಮೂಲೆಯ ಚೌಕವನ್ನು ತೆಗೆದುಹಾಕಿ, ಉಳಿದ ಹದಿನೈದನ್ನು ಅಸ್ತವ್ಯಸ್ತಗೊಳಿಸಿ, ಖಾಲಿ ಜಾಗಕ್ಕೆ ತಾಗಿದ ಚೌಕವನ್ನು ಅದರೊಳಕ್ಕೆ ಸರಿಸುತ್ತ ಸರಿಸುತ್ತ ಮೂಲ ಚಿತ್ರವನ್ನು ಮತ್ತೆ ಕಾಣುವಂತೆ ಮಾಡುವ ಆಟವಿದು. ಕ್ರಮವಿಧಿಯ (ಪ್ರೋಗ್ರಾಮಿನ) ಕೆಲಸ ಬಹುಮಟ್ಟಿಗೆ ಮುಗಿದಿದೆ. ಪರದೆಯ ಮೇಲೆ ಕಾಣಬೇಕಾದ ಕನ್ನಡ ಪದಗಳಲ್ಲಿ ಕೆಲವು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನನ್ನ ಒಲವು ಎತ್ತ ಇದೆಯೆಂಬುದನ್ನು ಕಾರಣಸಹಿತ ಕೆಳಗೆ ಬರೆದಿದ್ದೇನೆ, ಒಪ್ಪದವರು ತಿದ್ದಬೇಕು.

ಮೊದಲ ತೊಡಕು ‘ಬಿಡಿಸು’ ಎಂಬುದರಲ್ಲಿದೆ. ಒಗಟನ್ನು ಬಿಡಿಸುತ್ತೇವೆ, ಲೆಕ್ಕವನ್ನು ಬಿಡಿಸುತ್ತೇವೆ, ಗಂಟನ್ನೂ ಜಗಳವನ್ನೂ ಬಿಡಿಸುತ್ತೇವೆ. ಆದ್ದರಿಂದ ಉತ್ತರವನ್ನು ತಾನೇ ತೋರಿಸುವ ಗುಂಡಿಯ ಮೇಲೆ ‘ಬಿಡಿಸು’ ಎಂದು ಬರೆಯುವುದು ಸಹಜವೆನಿಸುತ್ತದೆ. ಆದರೆ ಇಲ್ಲಿರುವುದು ಚಿತ್ರ. ‘ಚಿತ್ರ ಬಿಡಿಸು’ ಎಂದೊಡನೆ ಕನ್ನಡ ಬಲ್ಲ ಯಾವ ಮಗುವೂ ಪೆನ್ಸಿಲು, ಬಣ್ಣ ಹುಡುಕುತ್ತದೆಯೇ ಹೊರತು ಚೌಕಗಳನ್ನು ಸರಿಸುವ ಯೋಚನೆ ಮಾಡುವುದಿಲ್ಲ. ‘ಒಗಟು’ ಎಂಬ ಕರ್ಮಪದವನ್ನು ಜೊತೆಗಿಟ್ಟು ‘ಒಗಟು ಬಿಡಿಸು’ ಎಂದರೆ ಗೊಂದಲ ಕಳೆಯುತ್ತದೆ, ನಿಜ. ಆದರೂ ಬಿಡಿಬಿಡಿಯಾಗಿ ಬಿದ್ದಿರುವುದನ್ನು ಇಡಿಯಾಗಿಸುವ ಕೆಲಸಕ್ಕೆ ‘ಬಿಡಿಸು’ ಎನ್ನುವುದು ನನ್ನ ಕಿವಿಗೆ ಒಗ್ಗುತ್ತಿಲ್ಲ. ‘ಕೂಡಿಸು’ ಎಂದರೆ ಸಂಕಲನದ ಲೆಕ್ಕ ನೆನಪಾಗುತ್ತದೆ. ‘ಜೋಡಿಸಿ ತೋರಿಸು’ ಎಂಬುದು ಸದ್ಯಕ್ಕೆ ಗುಂಡಿಯ ಮೇಲಿದೆ.

ಎರಡನೆಯದು ಆ ಚೌಕಾಕಾರದ ತುಂಡಿನ ಹೆಸರು. ‘ಹೆಂಚು’ ಮಾಡಿನ ಮೇಲೆ ಕೂರುವಂಥದ್ದು, ಅದಕ್ಕೆ ಚಲನೆಯೇ ಇಲ್ಲ. ‘ಟೈಲ್ಸ್’ ಎಂಬುದು ಆಡುಮಾತಿನಲ್ಲಿ ಏಕವಚನವೂ ಆಗಿಬಿಟ್ಟಿದೆ: ‘ಒಂದು ಟೈಲ್ಸ್ ಒಡೆದಿದೆ’ ಎನ್ನುವವರೇ ಹೆಚ್ಚು. ಪಗಡೆ, ಚೌಕಾಬಾರಗಳ ‘ಕಾಯಿ’ ಆಕರ್ಷಕವಾಗಿದೆ. ಆದರೆ ಕಾಯಿಗೆ ಎದುರಾಳಿ ಇರಬೇಕು, ಅದನ್ನು ಹೊಡೆಯಬೇಕು, ಕೊನೆಗೆ ಅದು ಹಣ್ಣಾಗಬೇಕು. ‘ಬಿಲ್ಲೆ’ಯೇ ಸೂಕ್ತವೆಂದು ನನ್ನ ಅಭಿಪ್ರಾಯ. ಕುಂಟೆಬಿಲ್ಲೆಯಲ್ಲಿ ಚಪ್ಪಟೆಯಾದ ಹೆಂಚಿನ ಚೂರನ್ನೋ ಕಲ್ಲನ್ನೋ ಕಾಲಿನಿಂದ ಒಂದು ಮನೆಯಿಂದ ಇನ್ನೊಂದು ಮನೆಗೆ ತಳ್ಳುತ್ತ ಹೋಗುವ ಮಕ್ಕಳಿಗೆ ‘ಬಿಲ್ಲೆ’ ಮತ್ತು ‘ಮನೆ’ ಎರಡೂ ಜೋಡಿಯಾಗಿ ದೊರೆಯುತ್ತವೆ, ಬಿಲ್ಲೆಯನ್ನು ಎತ್ತದೆ ನೆಲದ ಮೇಲೆಯೇ ಸರಿಸುವುದೂ ಆ ಪದದೊಳಗೇ ಇದೆ. ನಾಣ್ಯ, ಮಾತ್ರೆಗಳಿಂದಾಗಿ ಬಿಲ್ಲೆಯೆಂದರೆ ದುಂಡಗಿರಬೇಕೆಂಬ ಆಕ್ಷೇಪ ಬರಬಹುದು. ಕುಂಟೆಬಿಲ್ಲೆಯ ಹೆಂಚಿನ ಚೂರು ಎಂದಾದರೂ ದುಂಡಗಿತ್ತೇ ಎಂದು ಅವರನ್ನು ಕೇಳಬೇಕಾಗುತ್ತದೆ.

ಈ ಆಯ್ಕೆಗೆ ಕ್ರಮವಿಧಿಯ ಒಳಗಿನಿಂದಲೂ ಒಂದು ಬೆಂಬಲವಿದೆ. ಪೈಥಾನ್‌ನ ಮೂರನೆಯ ಆವೃತ್ತಿಯಲ್ಲಿ ಚರಾಕ್ಷರಗಳ, ಎಂದರೆ ಬೆಲೆಗಳನ್ನು ಹಿಡಿದಿಡುವ ವೇರಿಯಬಲ್‌ಗಳ, ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಬಹುದು. ಒತ್ತಕ್ಷರ, ಗುಣಿತಾಕ್ಷರಗಳಿಗೆ ಅದರ ಅಡ್ಡಿಯಿಲ್ಲ. ಆದರೆ ‘ಟೈಲ್‌ಗಳು’ ಎಂದು ಬರೆಯುವಾಗ ಲಕಾರ ಮತ್ತು ಗಕಾರ ಒತ್ತಕ್ಷರವಾಗಿ ಬೆಸೆಯದಿರಲೆಂದು ನಾವು ನಡುವೆ ಇಡುವ ಕಣ್ಣಿಗೆ ಕಾಣದ ಅಕ್ಷರವನ್ನು ಅದು ಹೆಸರಿನ ಭಾಗವೆಂದು ಒಪ್ಪದೆ, ಆ ಸಾಲನ್ನೇ ವ್ಯಾಕರಣದೋಷವೆಂದು ತಳ್ಳಿಹಾಕುತ್ತದೆ. ಕಾಣದ ಅಕ್ಷರದ ತಪ್ಪನ್ನು ಹುಡುಕಲು ಮಕ್ಕಳಿಗೆ ಹೇಳುವುದಾದರೂ ಹೇಗೆ? ‘ಬಿಲ್ಲೆಗಳು’ ಎಂಬ ಹೆಸರಿಗೆ ಈ ತಕರಾರಿಲ್ಲ. ವ್ಯಂಜನಾಂತ ಎರವಲು ಪದಗಳಿಗಿಂತ ಸ್ವರಾಂತವಾದ ನಮ್ಮ ಪದಗಳು ಇಲ್ಲಿ ಅನಾಯಾಸವಾಗಿ ಗೆಲ್ಲುತ್ತವೆ.

ಕ್ರಿಯಾಪದಕ್ಕೆ ಬರೋಣ. ‘ಜಾರು’ ಎಂಬುದರಲ್ಲಿ ಹತೋಟಿ ತಪ್ಪಿದ ಭಾವವಿದೆ. ಕಾಲು ಜಾರುತ್ತದೆ, ಮಾತು ಜಾರುತ್ತದೆ, ಜಾರುಬಂಡೆಯಲ್ಲಿ ಮೇಲಿನಿಂದ ಕೆಳಕ್ಕೆ ಮಾತ್ರ ಜಾರಬಹುದು. ‘ಜರುಗಿಸು’ ಬಸ್ಸಿನಲ್ಲಿ ಸೀಟಿಗಾಗಿ ‘ಸ್ವಲ್ಪ ಜರುಗಿ’ ಎನ್ನುವವರಿಗೆ ಪರಿಚಿತವೇ ಆದರೂ, ಬರವಣಿಗೆಗೆ ಬಂದೊಡನೆ ‘ಕ್ರಮ ಜರುಗಿಸಲಾಗುವುದು’ ಎಂಬ ನೋಟೀಸಿನ ವಾಸನೆ ಹೊಡೆಯುತ್ತದೆ. ಹಾಗಾಗಿ ‘ಸರಿಸು’. ಇದಕ್ಕಿರುವ ತೊಂದರೆಯೆಂದರೆ ‘ಸರಿ’ ಎಂಬ ರೂಪ ‘ಪಕ್ಕಕ್ಕೆ ಹೋಗು’, ‘ತಪ್ಪಲ್ಲದ್ದು’, ‘ಬೆಸವಲ್ಲದ್ದು’ ಎಂಬ ಮೂರು ಅರ್ಥಗಳನ್ನು ಹೊತ್ತಿರುವುದು. ಈ ಆಟದಲ್ಲಿ ಮೂರೂ ಬೇಕಾಗುತ್ತವೆ. ಸಂಖ್ಯೆಯ ಮಟ್ಟಿಗೆ ಪಠ್ಯಪುಸ್ತಕಗಳ ‘ಸಮ’ವನ್ನೇ ಉಳಿಸಿಕೊಂಡಿದ್ದೇನೆ. ಒಂದೇ ಸಾಲಿನಲ್ಲಿರುವ ಎರಡು ಮೂರು ಬಿಲ್ಲೆಗಳನ್ನು ಒಟ್ಟಿಗೆ ಖಾಲಿ ಮನೆಯ ಕಡೆಗೆ ಸಾಗಿಸುವ ಸೌಲಭ್ಯವೂ ಇದೆ. ಅದಕ್ಕೆ ‘ತಳ್ಳು’ ಎಂದಿಟ್ಟು ‘ಸರಿಸು’ವಿನಿಂದ ಬೇರೆ ಮಾಡಿದ್ದೇನೆ. ಹೀಗೆ ಬೇರೆ ಮಾಡದಿದ್ದರೆ ‘ನಡೆ’ಗಳ ಎಣಿಕೆ ಕೆಡುತ್ತದೆ. ಹದಿನೈದು ಬಿಲ್ಲೆಗಳ ಆಟದಲ್ಲಿ ಬಿಡಿಸಲು ಸಾಧ್ಯವಿರುವ ಎಷ್ಟೇ ಕಠಿಣವಾದ ಸ್ಥಿತಿಯನ್ನೂ ಒಂದೊಂದೇ ಬಿಲ್ಲೆ ಸರಿಸಿ 80 ನಡೆಗಳೊಳಗೆ ಮುಗಿಸಬಹುದು, ಸಾಲಾಗಿ ತಳ್ಳುವುದನ್ನು ಒಂದೇ ನಡೆಯೆಂದು ಎಣಿಸಿದರೆ 43ರೊಳಗೆ.

ಆಟದ ಮೊದಲಿಗೆ ಬಿಲ್ಲೆಗಳನ್ನು ಅಸ್ತವ್ಯಸ್ತಗೊಳಿಸುವ ಗುಂಡಿಗೆ ‘ಕಲಸು’ ಎಂದಿಡುವ ಬಗ್ಗೆ ನನಗೆ ಹೆಚ್ಚಿನ ಅನುಮಾನವಿದೆ. ಇಸ್ಪೀಟಿನ ಎಲೆಗಳನ್ನು ಕಲಸುತ್ತೇವೆ; ಯಾವ ಎಲೆ ಎಲ್ಲಿಗೆ ಬೇಕಾದರೂ ಹೋಗಬಹುದು. ಇಲ್ಲಿ ಹಾಗೆ ಮಾಡುವಂತಿಲ್ಲ. ಬಿಲ್ಲೆಗಳನ್ನು ಮನಬಂದಂತೆ ಎತ್ತಿಟ್ಟರೆ ಬರುವ ಜೋಡಣೆಗಳಲ್ಲಿ ಸರಿಯಾಗಿ ಅರ್ಧದಷ್ಟು ಎಂದಿಗೂ ಮುಗಿಯದಂಥವು. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾದ ಅಂಚೆ ಅಧಿಕಾರಿ ನಾಯ್ಸ್ ಚಾಪ್ಮನ್ ರೂಪಿಸಿದನೆನ್ನಲಾದ ಈ ಆಟ 1880ರಲ್ಲಿ ಅಮೆರಿಕದಲ್ಲಿ ಹುಚ್ಚೆಬ್ಬಿಸಿದ್ದಕ್ಕೆ ಇದೇ ಕಾರಣ: ಚಿತ್ರದ ಬದಲು 1ರಿಂದ 15ರವರೆಗಿನ ಅಂಕಿಗಳಿದ್ದ ಬಿಲ್ಲೆಗಳಲ್ಲಿ 14 ಮತ್ತು 15 ಮಾತ್ರ ಅದಲುಬದಲಾದ ಸ್ಥಿತಿಯನ್ನು ಸರಿಪಡಿಸಲು ಜನ ನಿದ್ದೆಗೆಟ್ಟು ಕೂತರು. ಅದು ಅಸಾಧ್ಯವೆಂದು ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು 1879ರ ಅಮೆರಿಕನ್ ಗಣಿತ ಪತ್ರಿಕೆಯಲ್ಲೇ ತೋರಿಸಿದ್ದರು. ಮುಂದೆ ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್ ಆಟವೇ ತನ್ನದೆಂದು ಹೇಳಿಕೊಂಡು, ಬಿಡಿಸಿದವರಿಗೆ ಸಾವಿರ ಡಾಲರ್ ಬಹುಮಾನವನ್ನೂ ಸಾರಿದ. ಕೊಡಬೇಕಾಗಿ ಬರುವುದಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ಕ್ರಮವಿಧಿ ಎರಡರಲ್ಲೊಂದನ್ನು ಮಾಡಬೇಕು. ಪೂರ್ಣ ಚಿತ್ರದಿಂದಲೇ ಹೊರಟು ನಿಯಮಬದ್ಧವಾಗಿ ನೂರಾರು ಸಲ ಬಿಲ್ಲೆ ಸರಿಸಿ ಕೆಡಿಸಬೇಕು. ಇಲ್ಲವೇ ಎಲೆ ಕಲಸಿದಂತೆ ಕಲಸಿ, ಮೂಲ ಚಿತ್ರದ ಕ್ರಮದಲ್ಲಿ ಬಿಲ್ಲೆಗಳಿಗೆ ಒಳಗೇ ಕೊಟ್ಟಿರುವ ಅಂಕಿಗಳನ್ನು ಸಾಲುಸಾಲಾಗಿ ಓದಿ, ದೊಡ್ಡ ಅಂಕಿ ಮುಂದೆ ಬಂದು ಚಿಕ್ಕದು ಹಿಂದೆ ಬಿದ್ದ ಜೋಡಿಗಳನ್ನು ಎಣಿಸಿ, ಅದಕ್ಕೆ ಖಾಲಿ ಮನೆ ಕೆಳಗಿನಿಂದ ಎಷ್ಟನೆಯ ಸಾಲಿನಲ್ಲಿದೆಯೋ ಆ ಸಂಖ್ಯೆಯನ್ನು ಕೂಡಿ, ಮೊತ್ತ ಬೆಸವಾದರೆ ಮಾತ್ರ ಮಗುವಿನ ಕೈಗೆ ಕೊಡಬೇಕು. ಆ ಜೋಡಿಗಳಿಗೆ ‘ವಿಪರ್ಯಯ’ ಎನ್ನುವ ಬದಲು ‘ಹಿಂದುಮುಂದಾದ ಜೋಡಿ’ ಎಂದಿದ್ದೇನೆ. ನಾನು ಮೊದಲಿನ ದಾರಿಯನ್ನು ಹಿಡಿದಿರುವುದರಿಂದ ‘ಕಲಸು’ವಿಗಿಂತ ‘ಕೆದರು’ ಹೆಚ್ಚು ಒಪ್ಪುತ್ತದೆಯೇ ಎಂಬುದು ಪ್ರಶ್ನೆ. ಕೆದರಿದ ಕೂದಲನ್ನು ಬಾಚಿ ಸರಿಮಾಡಬಹುದು, ಕಲಸಿದ ಅನ್ನವನ್ನು ಬೇರ್ಪಡಿಸಲಾಗದು.

ಕೊನೆಯದು ಆಟ ಮುಗಿದಾಗ ಬರುವ ಸಂದೇಶ. ರಥದ ಚಿತ್ರದ ಮೇಲಿನ ಸಾಲಿನಲ್ಲಿ ಮೂರು ಬಿಲ್ಲೆಗಳ ತುಂಬ ಬರೀ ನೀಲಿ ಆಕಾಶವಿದೆ, ಒಂದಕ್ಕೊಂದು ವ್ಯತ್ಯಾಸ ಕಾಣದು. ಆ ಮೂರು ಒಂದರ ಜಾಗಕ್ಕೆ ಒಂದು ಸುತ್ತಿ ಕೂತಿದ್ದರೆ, ಕಣ್ಣಿಗೆ ಚಿತ್ರ ಪೂರ್ಣವಾಗಿದ್ದರೂ ಒಳಗಿನ ಅಂಕಿಗಳನ್ನು ನೋಡುವ ಕ್ರಮವಿಧಿ ಆಟ ಮುಗಿದಿಲ್ಲವೆನ್ನುತ್ತದೆ. ಎರಡೇ ಬಿಲ್ಲೆ ಅದಲುಬದಲಾಗಿ ಉಳಿಯುವುದು ಮೇಲೆ ಹೇಳಿದ ಸಮ-ಬೆಸದ ಕಾರಣದಿಂದ ಸಾಧ್ಯವಿಲ್ಲ. ಮೂರು ಸುತ್ತುವುದು ಸಾಧ್ಯ. ಅಂಕಿಗಳ ಬದಲು ಬಿಲ್ಲೆಗಳ ಚಿತ್ರಗಳನ್ನೇ ಹೋಲಿಸೋಣವೆಂದರೆ ಕ್ಯಾಮೆರಾ ಹಿಡಿದ ಆಕಾಶದಲ್ಲಿ ಒಂದೊಂದು ಚುಕ್ಕಿಯ ಬಣ್ಣವೂ ತುಸು ಬೇರೆಯಿರುತ್ತದೆ. ಬಿಲ್ಲೆಯ ಮೂಲೆಯಲ್ಲಿ ಚಿಕ್ಕದಾಗಿ ಅಂಕಿಯನ್ನು ಅಚ್ಚೊತ್ತುವುದೇ ಸುಲಭ. ಆಗ ‘ಚಿತ್ರ ಪೂರ್ಣವಾಯಿತು’ ಎನ್ನುವುದಕ್ಕಿಂತ ‘ಎಲ್ಲ ಬಿಲ್ಲೆಗಳೂ ತಮ್ಮ ಮನೆ ಸೇರಿದವು’ ಎನ್ನುವುದೇ ಕ್ರಮವಿಧಿ ನಿಜವಾಗಿ ಪರೀಕ್ಷಿಸುವ ಸಂಗತಿಗೆ ನಿಷ್ಠವಾದ ಮಾತಾಗುತ್ತದೆ.

ಬಾಣದ ಕೀಲಿಗಳ ವಿವರಣೆಯಲ್ಲಿ ‘ಮೇಲೆ ಸರಿಸು’ ಎಂದರೆ ಒಂದರ ಮೇಲೊಂದು ಹೇರುವುದೆಂಬ ಅರ್ಥವೂ ಬರುವುದರಿಂದ ‘ಮೇಲಕ್ಕೆ’, ‘ಕೆಳಕ್ಕೆ’ ಎಂದು ಬರೆದಿದ್ದೇನೆ, ಮತ್ತು ಮೇಲಕ್ಕೆ ಹೋಗುವುದು ಬಿಲ್ಲೆಯೇ ಹೊರತು ಖಾಲಿ ಮನೆಯಲ್ಲ ಎಂದು ಸ್ಪಷ್ಟಪಡಿಸಿದ್ದೇನೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಬೇಕಾದದ್ದು ಇಷ್ಟು: ಕುಂಟಾಟದ ಆ ಚಪ್ಪಟೆ ತುಂಡಿಗೆ ನಿಮ್ಮಲ್ಲಿ ‘ಬಿಲ್ಲೆ’ಯೆಂಬ ಹೆಸರೇ ಇದೆಯೇ, ಅಥವಾ ಬೇರೆಯದೇ? ‘ಕೆದರು’ ಎಂಬುದನ್ನು ಗುಂಡಿಯ ಮೇಲೆ ಕಂಡ ನಿಮ್ಮ ಮಕ್ಕಳು ಅದನ್ನು ಒತ್ತಿಯಾರೇ?