ಐಇಐ (ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್, ಇಂಡಿಯಾ) ಸದಸ್ಯನಾಗಿ ಏನು ಪ್ರಯೋಜನ? ಗೊತ್ತಿದ್ದವರು ಹೇಳಿ

ಮಂಡ್ಯದ ನಾಲೆ
ಸಿವಿಲ್ ಮುಗಿಸಿ ಆರು ವರ್ಷ ಆಯಿತು. ಮೊನ್ನೆ ಸೆಪ್ಟೆಂಬರ್ 15ಕ್ಕೆ ಆಫೀಸಿನಲ್ಲಿ ಸರ್ ಎಂವಿ ಫೋಟೋಗೆ ಹಾರ ಹಾಕಿ ಎಲ್ಲರಿಗೂ ಕೇಸರಿಭಾತ್ ಹಂಚಿದರು. ಅಲ್ಲಿ ಹಿರಿಯರೊಬ್ಬರು, "ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸೇರಪ್ಪ, ವಿಶ್ವೇಶ್ವರಯ್ಯನವರೇ ಕಟ್ಟಿದ ಸಂಸ್ಥೆ ಅದು" ಅಂದರು. ಹೆಸರಿನ ಪಕ್ಕ ಎಂಐಇ (ಐಇಐ ಸದಸ್ಯ) ಅಂತ ಮೂರು ಅಕ್ಷರ ಸೇರಿಸಿಕೊಳ್ಳುವುದಕ್ಕೆ ಸುಮ್ನೆ ದುಡ್ಡು ಕೊಡಬೇಕಾ?

ಹಳೇ ಸ್ಲೈಡ್‌ರೂಲ್
ಸೇರುವುದು ಬಿಡುವುದು ಆಮೇಲೆ. ಮೊದಲು ಆ ಹಿರಿಯರ ಮಾತು ತಿದ್ದೋಣ. ಅದನ್ನು ಕಟ್ಟಿದ್ದು ಎಂವಿ ಅಲ್ಲ. 1916ರಲ್ಲಿ ಬ್ರಿಟಿಷ್ ಸರ್ಕಾರ ಇಲ್ಲಿನ ಕೈಗಾರಿಕೆಗಳ ಸ್ಥಿತಿ ನೋಡಲು ಒಂದು ಆಯೋಗ ಮಾಡಿತು. ಅದರ ಅಧ್ಯಕ್ಷ ಥಾಮಸ್ ಹಾಲೆಂಡ್. ಇಲ್ಲಿನ ಎಂಜಿನಿಯರ್‌ಗಳಿಗೆ ತಮ್ಮದೇ ಒಂದು ಸಂಸ್ಥೆ ಬೇಕು ಅನ್ನುವ ಮಾತು ಗಟ್ಟಿಯಾಗಿದ್ದು ಆ ಆಯೋಗದ ನೆರಳಲ್ಲೇ. 1920ರ ಸೆಪ್ಟೆಂಬರ್ 13ಕ್ಕೆ ಮದ್ರಾಸಿನಲ್ಲಿ ನೋಂದಣಿ ಆಯಿತು. ಮರುವರ್ಷ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ವೈಸ್‌ರಾಯ್ ಚೆಮ್ಸ್‌ಫರ್ಡ್ ಉದ್ಘಾಟಿಸಿದರು. ಮೊದಲ ಅಧ್ಯಕ್ಷರೂ ಹಾಲೆಂಡ್ ಅವರೇ. ತಮಾಷೆ ಅಂದರೆ ಆ ಮನುಷ್ಯ ಭೂವಿಜ್ಞಾನಿ!

1935ರಲ್ಲಿ ಐದನೇ ಜಾರ್ಜ್ ರಾಯಲ್ ಚಾರ್ಟರ್ ಕೊಟ್ಟರು. ಇವತ್ತು ಬೋರ್ಡಿನ ಮೇಲೆ ಕಾಣುವ 'ಚಾರ್ಟರ್ಡ್ ಎಂಜಿನಿಯರ್', ಅಂದರೆ ಐಇಐ ತನ್ನ ಸದಸ್ಯರಿಗೆ ಕೊಡುವ ಮಾನ್ಯತೆ, ಅನ್ನುವ ಮಾತಿನ ಬೇರು ಅಲ್ಲಿದೆ. ಎಂವಿಯವರನ್ನು ಗೌರವ ಆಜೀವ ಸದಸ್ಯರನ್ನಾಗಿ ಮಾಡಿಕೊಂಡಿದ್ದು 1943ರಲ್ಲಿ. ಅಷ್ಟೇ ನಂಟು. ಸೆಪ್ಟೆಂಬರ್ 15 ಅವರ ಹುಟ್ಟುಹಬ್ಬ ಅನ್ನುವುದಕ್ಕೆ ಆ ದಿನ ಎಂಜಿನಿಯರ್ಸ್ ಡೇ.

ಪೀಣ್ಯ ಲೇತ್
ಇತಿಹಾಸ ನನಗೆ ಗೊತ್ತಿಲ್ಲ. ಆದರೆ ಆ ಚಾರ್ಟರ್ಡ್ ಎಂಜಿನಿಯರ್ ಮೊಹರು ಎಷ್ಟು ತೂಕದ್ದು ಅಂತ ಗೊತ್ತು. ನಮ್ಮದು ಸಣ್ಣ ವರ್ಕ್‌ಶಾಪ್. ಹೊರದೇಶದ ಹಳೇ ಸಿಎನ್‌ಸಿ ಮಷೀನ್ ತರಿಸುತ್ತೇವೆ. ಕಸ್ಟಮ್ಸ್‌ನವರು ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಇಲ್ಲದೆ ಹಳೇ ಮಷೀನ್ ಬಿಡುವುದಿಲ್ಲ. ಯಾವ ವರ್ಷದ್ದು, ಇನ್ನೆಷ್ಟು ವರ್ಷ ಓಡುತ್ತದೆ, ಈಗ ಏನು ಬೆಲೆ, ಎಲ್ಲ ಬರೆದಿರಬೇಕು. ಮೊದಲ ಸಲ ಬಂದವರಿಗೆ ಅರವತ್ತು ದಾಟಿತ್ತು. ನೇಮ್‌ಪ್ಲೇಟ್ ಮೇಲೆ ಗ್ರೀಸ್ ಗಟ್ಟಿಯಾಗಿತ್ತು. ಬನಿಯನ್ ವೇಸ್ಟ್ ಡೀಸೆಲ್‌ಗೆ ಅದ್ದಿ, ತಾವೇ ಬಗ್ಗಿ ಉಜ್ಜಿ ಉಜ್ಜಿ ನಂಬರ್ ಓದಿದರು. ಆಮೇಲೆ ಬೆಡ್ ಉದ್ದಕ್ಕೂ ಬೆರಳಾಡಿಸಿ, "ಚಕ್ ಹತ್ತಿರ ಸವೆದಿದೆ, ಬೆಲೆ ಇಳಿಸುತ್ತೇನೆ" ಅಂದರು.

ಇನ್ನೊಂದು ಸಲ ಸಾಲಕ್ಕೆ ವ್ಯಾಲ್ಯುಯೇಷನ್ ಬೇಕಿತ್ತು. ಬೇರೊಬ್ಬರು ಸಿಕ್ಕಿದರು. "ವಾಟ್ಸಾಪ್‌ನಲ್ಲಿ ಫೋಟೋ ಹಾಕಿ, ಸಂಜೆ ಕಳಿಸುತ್ತೇನೆ" ಅಂದರು. ಕಳಿಸಿದರು ಕೂಡ. ಮಾಡೆಲ್ ನಂಬರೇ ತಪ್ಪು! ಇಬ್ಬರದೂ ಅದೇ ಮೊಹರು, ಅದೇ ಮೂರಕ್ಷರ.

ಆಡಿಟ್ ಮೇಷ್ಟ್ರು
ಪೀಣ್ಯದವರು ಹೇಳಿದ್ದು ಸಣ್ಣ ಮಾತಲ್ಲ. ನಾನು ಸಿಎ. ತಪ್ಪು ಸಹಿ ಹಾಕಿದರೆ ನಮ್ಮ ಸಂಸ್ಥೆ ನನ್ನ ಹೆಸರು ಕಿತ್ತುಹಾಕಬಹುದು. ಆಮೇಲೆ ನಾನು ಪ್ರಾಕ್ಟೀಸ್ ಮಾಡುವ ಹಾಗಿಲ್ಲ. ಅದಕ್ಕೆ 1949ರ ಕಾಯ್ದೆ ಇದೆ. ವಕೀಲರಿಗೆ 1961ರದ್ದು, ಆರ್ಕಿಟೆಕ್ಟ್‌ಗಳಿಗೆ 1972ರದ್ದು. ಎಂಜಿನಿಯರ್‌ಗಳಿಗೆ? ದೇಶಕ್ಕೆಲ್ಲ ಒಂದು ಅಂತ ಅಂಥ ಕಾಯ್ದೆ ಇಲ್ಲ. ಐಇಐ ಒಬ್ಬರನ್ನು ಹೊರಗೆ ಹಾಕಿದರೂ ಅವರು ಮಾರನೇ ದಿನ ಸೈಟಿನಲ್ಲಿ ನಿಂತಿರಬಹುದು.

ರೇರಾ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆ, ತೆಗೆದುಕೊಳ್ಳಿ. ಫ್ಲ್ಯಾಟ್ ಕೊಳ್ಳುವವರ ದುಡ್ಡಿನಲ್ಲಿ ನೂರಕ್ಕೆ 70 ಪಾಲು ಬೇರೆ ಖಾತೆಯಲ್ಲಿರಬೇಕು. ಬಿಲ್ಡರ್ ಅದನ್ನು ತೆಗೆಯಬೇಕಾದರೆ ಕೆಲಸ ಎಷ್ಟಾಗಿದೆ ಅಂತ ಎಂಜಿನಿಯರ್, ಆರ್ಕಿಟೆಕ್ಟ್, ಸಿಎ ಮೂವರೂ ಬರೆದುಕೊಡಬೇಕು. ಮೂವರಲ್ಲಿ ಇಬ್ಬರ ಮೇಲೆ ಕಣ್ಣಿಡಲು ಕೌನ್ಸಿಲ್ ಇದೆ. ಮೂರನೆಯವರಿಗೆ ಡಿಗ್ರಿ ಇದ್ದರೆ ಸಾಕು. ಪಿಲ್ಲರ್ ನೋಡಬೇಕಾದವರು ಅವರೇ ಅಲ್ವಾ?

ಒಂಟಾರಿಯೊ ಚಳಿ
ಇಲ್ಲಿ ಅದು ಉಲ್ಟಾ. ಕೆನಡಾದ ಒಂಟಾರಿಯೊದಲ್ಲಿ 1922ರಿಂದ ಲೈಸೆನ್ಸ್ ಕೊಡುವ ಸಂಘ ಇದೆ. ಲೈಸೆನ್ಸ್ ಇಲ್ಲದೆ ಕಾರ್ಡಿನ ಮೇಲೆ ಪ್ರೊಫೆಷನಲ್ ಎಂಜಿನಿಯರ್ ಅಂತ ಹಾಕಿಕೊಂಡರೆ ಕೇಸು. ನಮ್ಮಲ್ಲೂ ಹಾಗೆ ಮಾಡಲಿ.

ಅಪ್ಪನ ಎಎಂಐಇ
ಒಂಟಾರಿಯೊದವರೇ, ಇನ್ನರ್ಧ ನೀವು ಹೇಳಲಿಲ್ಲ. 2023ರವರೆಗೆ ಅಲ್ಲಿ ಒಂದು ವರ್ಷ ಕೆನಡಾದಲ್ಲೇ ಕೆಲಸ ಮಾಡಿದ ಅನುಭವ ಇಲ್ಲದಿದ್ದರೆ ಲೈಸೆನ್ಸ್ ಸಿಗುತ್ತಿರಲಿಲ್ಲ. ಲೈಸೆನ್ಸ್ ಇಲ್ಲ ಅಂದರೆ ಕೆಲಸ ಸಿಗಲ್ಲ, ಕೆಲಸ ಇಲ್ಲ ಅಂದರೆ ಅನುಭವ ಎಲ್ಲಿಂದ? ಬಾಗಿಲು ಕಾಯುವವನ ಕೈಗೆ ಕೋಲು ಕೊಟ್ಟರೆ ಮೊದಲು ಏಟು ಬೀಳುವುದು ಹೊರಗೆ ನಿಂತವನಿಗೇ.

ಐಇಐ ಬಾಗಿಲು ತೆರೆದಿತ್ತು. ನಮ್ಮಪ್ಪ ಡಿಪ್ಲೊಮಾ ಮಾಡಿ ಓವರ್‌ಸಿಯರ್ ಆದವರು. ಮನೆಯಲ್ಲಿ ಇಬ್ಬರು ತಂಗಿಯರು, ಬಿಇ ಮಾತೇ ಇಲ್ಲ. ಕೆಲಸ ಮಾಡುತ್ತಲೇ ಎಎಂಐಇ, ಅಂದರೆ ಕಾಲೇಜಿಗೆ ಹೋಗದೆ ಬರೆಯುವ ಐಇಐ ಪರೀಕ್ಷೆ, ಕಟ್ಟಿದರು. ಮೊದಲು ಎ ಸೆಕ್ಷನ್, ಆಮೇಲೆ ಬಿ. ವರ್ಷಕ್ಕೆರಡು ಸಲ ಪರೀಕ್ಷೆ. ಹಗಲು ನಾಲೆಯ ಮೇಲೆ ಸೈಕಲ್, ರಾತ್ರಿ ಊಟದ ಎಲೆ ತೆಗೆದ ಜಾಗದಲ್ಲೇ ಪುಸ್ತಕ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಮೂರು ಸಲ ಹೋಯಿತು. ಮೂರನೇ ಸಲ ಅಮ್ಮ ಕಾಗದ ಒಡೆದು ನೋಡಿ, ಅಪ್ಪನಿಗೆ ಕೊಡದೆ ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟಿದ್ದರಂತೆ. ಒಂಬತ್ತು ವರ್ಷ ಆಯಿತು ಮುಗಿಸಲು. ಅಸಿಸ್ಟೆಂಟ್ ಎಂಜಿನಿಯರ್ ಆಗಿ ರಿಟೈರ್ ಆದರು.

ಆ ಬಾಗಿಲೂ ಮುಚ್ಚಿತು. 2013ರ ಮೇ 31ರ ಒಳಗೆ ಹೆಸರು ಹಚ್ಚಿದವರಿಗೆ ಮಾತ್ರ ಅದು ಬಿಇಗೆ ಸಮ ಅಂತ ಕೇಂದ್ರ ಸರ್ಕಾರ ಹೇಳಿತು. ಐಇಐ ನಮ್ಮಂಥವರಿಗೆ ಮಾಡಿದ ದೊಡ್ಡ ಉಪಕಾರ ಅದೊಂದೇ. ಉಳಿದಿದ್ದು ಸೆಮಿನಾರ್, ಶಾಲು.

ಹಳೇ ಸ್ಲೈಡ್‌ರೂಲ್
ನಿಮ್ಮ ತಂದೆಯವರಿಗೆ ನಮಸ್ಕಾರ. ಆದರೂ ಒಂದು ಮಾತು. ನಿಮ್ಮ ತಂದೆಗೆ ನಾಲೆಯೇ ಲ್ಯಾಬ್ ಆಗಿತ್ತು. ಸೈಟೇ ನೋಡದ ಹುಡುಗರೂ ಗೈಡ್ ಓದಿ ಬರೆಯಲು ಶುರು ಮಾಡಿದರೆ? ಕಾಂಕ್ರೀಟ್ ಕ್ಯೂಬ್ ಒಡೆದು ನೋಡದವನಿಗೆ ಸ್ಟ್ರಕ್ಚರ್ಸ್ ಡಿಗ್ರಿ ಕೊಡಬಹುದಾ?

ಅಪ್ಪನ ಎಎಂಐಇ
ಲ್ಯಾಬ್‌ಗೆ ಬೀಗ ಹಾಕಿಟ್ಟ ಕಾಲೇಜುಗಳ ಡಿಗ್ರಿ ನಡೆಯುತ್ತದೆ, ಇದು ನಡೆಯಲ್ಲ. ಲ್ಯಾಬ್ ಸೇರಿಸಿ ಅನ್ನಬಹುದಿತ್ತು.

ಆಡಿಟ್ ಮೇಷ್ಟ್ರು
ಎರಡನ್ನೂ ಬೆರೆಸಬೇಡಿ. ಪರೀಕ್ಷೆ ಯಾರು ಬೇಕಾದರೂ ಬರೆಯಲಿ, ಸಿಎಗೂ ಕಾಲೇಜು ಬೇಕಿಲ್ಲ. ಪಾಸಾದ ಮೇಲೆ ಸಹಿಗೆ ಯಾರು ಹೊಣೆ ಅನ್ನುವುದು ನನ್ನ ಪ್ರಶ್ನೆ. ವಾಟ್ಸಾಪ್ ಫೋಟೋ ನೋಡಿ ಸಹಿ ಹಾಕಿದವರ ಮೇಲೆ ಪೀಣ್ಯದವರು ಎಲ್ಲಾದರೂ ದೂರು ಕೊಟ್ಟರಾ?

ಪೀಣ್ಯ ಲೇತ್
ಇಲ್ಲ ಸಾರ್. ಸಾಲ ಸಿಕ್ಕಿತ್ತು. ಸುಮ್ಮನಾದೆ.

ಮಂಡ್ಯದ ನಾಲೆ
ಕೇಳಿದ್ದು ಒಂದು, ತಿಳಿದಿದ್ದು ಜಾಸ್ತಿ. ಬೆಂಗಳೂರಿಗೆ ಹೋದಾಗ ಅಂಬೇಡ್ಕರ್ ಬೀದಿಯ ಅವರ ಆಫೀಸಿಗೆ ಹೋಗಿ ಫಾರಂ ತರುತ್ತೇನೆ. ತುಂಬುವುದು ಬಿಡುವುದು ಆಮೇಲೆ ನೋಡೋಣ.

ಪೀಣ್ಯ ಲೇತ್
ತುಂಬಿ ಸಾರ್, ಚಾರ್ಟರ್ಡ್ ಆದ ಮೇಲೆ ಹೇಳಿ. ಇನ್ನೊಂದು ಮಷೀನ್ ಬರುವುದಿದೆ.

ಮಂಡ್ಯದ ನಾಲೆ
ನಾನು ಸಿವಿಲ್ ಅಣ್ಣ. ಮಷೀನ್‌ಗೆ ನಾನು ಸಹಿ ಹಾಕುವ ಹಾಗಿಲ್ಲ.

ಪೀಣ್ಯ ಲೇತ್
ಆಯ್ತು, ಶೆಡ್ ಕಟ್ಟಿಸುವಾಗ ನಿಮ್ಮನ್ನೇ ಕರೆಯುತ್ತೇನೆ.